ಒಂದೇ ಕೂಗು

ಒಂದೇ ಕೂಗಿಗೆ ದೋಣಿ ಬಿಡಬಾರದು. ನರಸಿಂಹರಾಜಪುರದಿಂದಾಚೆ, ಭದ್ರೆಯ ಹಿನ್ನೀರು ಕಾಡಿನೊಳಗೆ ನುಗ್ಗಿ ನಿಂತಿರುವ ಕಡೆಯಲ್ಲೆಲ್ಲ ಇದು ಸಣ್ಣ ಮಕ್ಕಳಿಗೂ ಗೊತ್ತು. ಮನುಷ್ಯನಾದವನು ದೋಣಿ ಬೇಕಾದರೆ ಮೂರು ಸಲ ಕೂಗುತ್ತಾನೆ. ಬರದಿದ್ದರೆ ಅಂಬಿಗನ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ನಾಲ್ಕನೇ ಸಲವೂ ಕೂಗುತ್ತಾನೆ. ಒಂದು ಸಲ ಕೂಗಿ ಸುಮ್ಮನಾಗುವುದು ಮನುಷ್ಯರ ಪೈಕಿ ಅಲ್ಲ. ಹಾಗಾದರೆ ಯಾರ ಪೈಕಿ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ, ಬೇರೆ ಮಾತು ತೆಗೆಯುತ್ತಾರೆ.

ಹಲಸಿನಕಡವಿನ ದೋಣಿ ಲಿಂಗಪ್ಪನಿಗೆ ಆ ಚಳಿಗಾಲಕ್ಕೆ, ಅಂದರೆ ಎರಡು ಸಾವಿರದ ಐದನೇ ಇಸವಿಯ ಕೊನೆಗೆ, ನಲವತ್ತೆಂಟು ತುಂಬಿತ್ತು. ಮದುವೆ ಇಲ್ಲ. ಕಡವು ಬಿಟ್ಟು ಹೆಣ್ಣು ನೋಡಲು ಹೋಗುವುದಕ್ಕೆ ಆಸಾಮಿಗೆ ಪುರುಸೊತ್ತೇ ಆಗಲಿಲ್ಲವಂತೆ! ಮನೆಯಲ್ಲಿ ಅವ್ವ ಯಮುನಮ್ಮ, ಒಂದು ಹಸು, ಕಡವಿನಲ್ಲಿ ಒಂದು ದೋಣಿ. ಅಪ್ಪ ಶಿವಶಂಕರಪ್ಪನ ಕಾಲದಲ್ಲಿ ಒಂದೂವರೆ ಎಕರೆ ಗದ್ದೆ ಇತ್ತು. ಅಣೆಕಟ್ಟು ಕಟ್ಟಿ ಹಿನ್ನೀರು ಏರಿದಾಗ ಅದು ಮುಳುಗಿತು. ಶಿವಶಂಕರಪ್ಪ ತಲೆ ಮೇಲೆ ಕೈ ಹೊತ್ತು ಕೂರುವ ಪೈಕಿ ಅಲ್ಲ, ತಾನು ಉತ್ತ ಗದ್ದೆಯ ಮೇಲೆಯೇ ದೋಣಿ ಹಾಕಿದ. ಈ ದಡದಲ್ಲಿ ಬಸ್ಸು, ಆಚೆದಡದ ಕುಂಬ್ರಿಹಳ್ಳಿಯಲ್ಲಿ ಇಪ್ಪತ್ತು ಮನೆ, ನಡುವೆ ನೀರು. ಕಡಿಯದೆ ಬಿಟ್ಟ ಮರಗಳ ಬೊಡ್ಡೆಗಳು ಆ ನೀರಿನಲ್ಲಿ ಇಂದಿಗೂ ಇವೆ. ಬೆಳಗಿನ ಮಂಜಿನಲ್ಲಿ ನೋಡಿದರೆ ಕುತ್ತಿಗೆ ಮಟ್ಟ ನೀರಿನಲ್ಲಿ ಜನ ನಿಂತ ಹಾಗೇ ಕಾಣುತ್ತದೆ.

ಶಿವಶಂಕರಪ್ಪ ತೀರಿಕೊಂಡದ್ದೂ ಆ ನೀರಿನಲ್ಲೇ. ಎಪ್ಪತ್ತೆಂಟನೇ ಇಸವಿಯ ಧನುರ್ಮಾಸ, ಬೆಳಕು ಹರಿಯುವ ಹೊತ್ತು. ಆಚೆದಡದಿಂದ ಒಂದೇ ಒಂದು ಕೂಗು ಬಂತು. ಜಗಲಿಯಲ್ಲಿ ಮಲಗಿದ್ದ ಇಪ್ಪತ್ತೊಂದರ ಲಿಂಗಪ್ಪ, "ಅಪ್ಪಾ, ಒಂದೇ ಕೂಗು, ಹೋಗ್ಬೇಡ" ಅಂದ. ಅಪ್ಪ ಕೇಳಲಿಲ್ಲ, ಕಂಬಳಿ ಹೊದ್ದುಕೊಂಡು ಹೊರಟ. ಎರಡು ತಾಸಿನ ಮೇಲೆ ಕವುಚಿದ ದೋಣಿ ತಾನಾಗಿ ತೇಲಿ ಬಂದು ಕಡವಿನ ಕಲ್ಲಿಗೆ ಡಬ್ ಡಬ್ ಅಂತ ಬಡಿಯುತ್ತಿತ್ತು. ಹೆಣ ಸಿಕ್ಕಿದ್ದು ಮೂರನೇ ದಿನ, ಬೊಡ್ಡೆಯೊಂದಕ್ಕೆ ಕಂಬಳಿ ಸಮೇತ ಸಿಕ್ಕಿಹಾಕಿಕೊಂಡಿತ್ತು.

ಇದು ಕಡವಿನ ಕಥೆ. ಮಗ ಹೇಳಿದ, ಅಪ್ಪ ಕೇಳಲಿಲ್ಲ. ಲಿಂಗಪ್ಪ ಇದನ್ನು ದೋಣಿ ಹತ್ತಿದವರಿಗೆಲ್ಲ ಹೇಳಿದ್ದಾನೆ. ಹೊಸಬರಾದರೆ ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ, ಅಪ್ಪ ಸಿಕ್ಕಿದ ಬೊಡ್ಡೆಯನ್ನೂ ತೋರಿಸುತ್ತಿದ್ದ. ಕೇಳಿದವರು ಚ್ಚೊ ಚ್ಚೊ ಅನ್ನುತ್ತಿದ್ದರು, ಅವನ ಬಗ್ಗೆ ಒಂದು ಗೌರವವೂ ಬರುತ್ತಿತ್ತು. ಯಮುನಮ್ಮ ದೋಣಿಯಲ್ಲಿದ್ದರೆ ಮಾತ್ರ ಅವನು ಈ ಕಥೆ ಎತ್ತುತ್ತಿರಲಿಲ್ಲ. ಅದು ಯಾಕೆ ಅಂತ ಅವನಿಗೇ ಹೊಳೆದಿರಲಿಲ್ಲ.

ತಕರಾರು ಶುರುವಾದದ್ದು ವನಮಾಲಾಳಿಂದ. ಕುಂಬ್ರಿಹಳ್ಳಿಯ ಹುಡುಗಿ, ಎನ್.ಆರ್.ಪುರದ ಒಂದು ಜವಳಿ ಅಂಗಡಿಯಲ್ಲಿ ಕೆಲಸ. ಎಂಟೂವರೆ ಬಸ್ಸಿಗೆ ಅವಳು ಈ ದಡದಲ್ಲಿರಬೇಕು, ಅಷ್ಟು ಬೆಳಿಗ್ಗೆ ದಾಟುವವರು ಈಚಿನ ವರ್ಷಗಳಲ್ಲಿ ಬೇರೆ ಯಾರೂ ಇರಲಿಲ್ಲ. ನವೆಂಬರಿನಿಂದ ಮಂಜು ಶುರುವಾಯಿತು ನೋಡಿ, ಅವಳ ಬಸ್ಸು ತಪ್ಪುವುದೂ ಶುರುವಾಯಿತು. ವಾರಕ್ಕೆ ಎರಡು ದಿನ, ಆಮೇಲೆ ಮೂರು ದಿನ. ಮಂಜು ಕರಗಿ ಅವಳು ಕಣ್ಣಿಗೆ ಬಿದ್ದ ಮೇಲೆಯೇ ಲಿಂಗಪ್ಪ ದೋಣಿ ಬಿಡುತ್ತಿದ್ದ.

"ಲಿಂಗಪ್ಪಣ್ಣ, ಗಂಟಲು ಹರಿಯೋ ಹಾಗೆ ಕೂಗಿದ್ದೀನಿ. ನಿಮಗೆ ಕಿವಿ ಕೇಳೋದಿಲ್ವಾ?" ಅಂತ ಒಂದು ದಿನ ದೋಣಿಗೆ ಕಾಲಿಡುತ್ತಲೇ ಜಗಳ ತೆಗೆದಳು.

"ಕಿವಿ ಸರಿ ಇದೆ. ನೀನು ಕೂಗಿದ್ದು ಒಂದೇ ಸಲ."

"ಒಂದೇ ಸಲನಾ! ಆರು ಸಲ ಕೂಗಿದ್ದೀನಿ!"

ಲಿಂಗಪ್ಪನಿಗೆ ಮೈಯೆಲ್ಲ ಉರಿದು ಹೋಯಿತು. ನೋಡು, ಪೇಟೆಯಲ್ಲಿ ನಾಲ್ಕು ಸೀರೆ ಮಡಿಸಿದ್ದೇ ಸೈ, ಸುಳ್ಳು ಹೇಳುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾಳೆ! ಹಾಸಿಗೆ ಬಿಟ್ಟು ತಡವಾಗಿ ಬಂದು ತಪ್ಪನ್ನು ದೋಣಿಯವನ ತಲೆಗೆ ಕಟ್ಟುವುದು. ಆ ದಡದವರೆಲ್ಲ ಸೇರಿ ತನ್ನನ್ನು ಓಡಿಸಬೇಕು ಅಂತ ಮಾಡುತ್ತಿರುವ ಮಸಲತ್ತು ಇದು. ಇದೆಲ್ಲ ಅವನಿಗೆ ಯಾರೂ ಹೇಳಿದ್ದಲ್ಲ, ಅವಳು ದೋಣಿಯಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ತಲೆಯೊಳಗೆ ತಯಾರಾಗಿತ್ತು. ಅವನ ತಲೆ ಅಂಥದ್ದು. ಬೆಳಿಗ್ಗೆ ಕಾಫಿ ಕೊಡುವಾಗ ಅವ್ವ ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಅದು ತನ್ನನ್ನು ಆಡಿಕೊಂಡದ್ದೇ ಅಂತ ಲೋಟ ಕುಕ್ಕಿ ಎದ್ದು ಹೋಗುವವನು. ಪಾಪ, ಮುದುಕಿಗೆ ಮಂಡಿ ನೋವು ಮಾರಾಯ್ರೆ!

ವನಮಾಲಾ ಮರುವಾರ ಸ್ಟೀಲ್ ತಟ್ಟೆ ತಂದು ಸೌಟಿನಲ್ಲಿ ಬಡಿದಳು. ಲಿಂಗಪ್ಪನಿಗೆ ಅದೂ ಒಂದೇ ಏಟು ಕೇಳಿತು. ಠಣ್. ಆಮೇಲೆ ಏನೂ ಇಲ್ಲ. ಮಂಜು, ನೀರು, ಅಷ್ಟೇ. ಅವನು ಹುಟ್ಟು ಕೆಳಗಿಟ್ಟು ಮುದುಡಿ ಕೂತ.

ಅಂಗಡಿಯವರು ವನಮಾಲಾಳಿಗೆ ಇನ್ನೊಂದು ಸಲ ತಡವಾದರೆ ಬರಲೇಬೇಡ ಅಂದರು. ಕುಂಬ್ರಿಹಳ್ಳಿಯವರು ಪಂಚಾಯಿತಿಗೆ ಅರ್ಜಿ ಕೊಟ್ಟರು, ಕಡವನ್ನು ಬೇರೆಯವರಿಗೆ ವಹಿಸಬೇಕು ಅಂತ. ಪಂಚಾಯಿತಿಯವರು ಬಂದು, "ಸಂಕ್ರಾಂತಿವರೆಗೆ ನೋಡ್ತೀವಿ ಲಿಂಗಪ್ಪ. ಕೂಗಿದ್ರೆ ದೋಣಿ ಹೋಗ್ಬೇಕು. ಹೋಗದಿದ್ರೆ ನಿನ್ನ ಕೈಯಲ್ಲಿ ಕಡವು ಇರೋದಿಲ್ಲ" ಅಂತ ಹೇಳಿ ಹೋದರು. ಅಪ್ಪ ಪ್ರಾಣ ಬಿಟ್ಟ ಕಡವು ಅದು. ಅದು ಹೋದರೆ ಲಿಂಗಪ್ಪನಿಗೆ ಬೇರೆ ಕೆಲಸವೂ ಇಲ್ಲ, ಬೇರೆ ಹೆಸರೂ ಇಲ್ಲ. ಆ ದಿನದಿಂದ ಅವನಿಗೆ ಊಟ ಸೇರಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದವನು ಜಲಾಲುದ್ದೀನ್. ಹಿನ್ನೀರಿನ ಮೀನು ಕೊಳ್ಳುವ ವ್ಯಾಪಾರಿ, ಲಿಂಗಪ್ಪನ ಓರಗೆಯವನು. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಲೂನಾದ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಕಡವಿಗೆ ಬಂದು ಬಲೆಯವರಿಗಾಗಿ ಕಾಯುತ್ತಿದ್ದ. ಅವನ ಜೇಬಿನಲ್ಲಿ ಮೊಬೈಲ್ ಇತ್ತು. ಕಡವಿನಲ್ಲಿ ರೇಂಜ್ ಇಲ್ಲದ್ದರಿಂದ ಅದನ್ನು ಗಂಟೆ ನೋಡುವುದಕ್ಕೆ ಮಾತ್ರ ತೆಗೆಯುತ್ತಿದ್ದ.

"ಅಲ್ಲ ಮಾರಾಯ, ಆ ಹುಡುಗಿ ಅಷ್ಟು ಸಲ ಕೂಗಿದಳಲ್ಲ, ಹೋಗೋದಿಲ್ವಾ?" ಅಂದ ಒಂದು ದಿನ.

ಲಿಂಗಪ್ಪ ಅವನ ಮುಖ ನೋಡಿದ. "ನೀನೂ ಅವರ ಪಾರ್ಟಿನಾ?"

"ಎಂಥ ಪಾರ್ಟಿ? ನನಗೆ ಕೇಳಿದ್ದು ಹೇಳಿದೆ. ಒಂದು ಕೆಲಸ ಮಾಡುವ. ಈ ಕಲ್ಲು ತಗೋ. ಒಂದೊಂದು ಕೂಗಿಗೆ ಒಂದೊಂದು ಕಲ್ಲು ಇಡು. ನಾನೂ ಇಡ್ತೀನಿ. ನೀನು ನನ್ನದು ನೋಡ್ಬೇಡ, ನಾನು ನಿನ್ನದು ನೋಡೋದಿಲ್ಲ."

ಮರುದಿನ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತರು. ಮಂಜು ಎಷ್ಟು ದಟ್ಟ ಅಂದರೆ ದೋಣಿಯ ಆಚೆ ತುದಿ ಕಾಣುತ್ತಿರಲಿಲ್ಲ. ಲಿಂಗಪ್ಪ ಬೀಡಿ ಹಚ್ಚಿದ. ಆಚೆಯಿಂದ ಕೂಗು ಬಂತು. "ಓ ದೋಣೀ..." ಲಿಂಗಪ್ಪ ಒಂದು ಕಲ್ಲು ಇಟ್ಟ. ಎರಡನೆಯದಕ್ಕೆ ಕೈಯಲ್ಲಿ ಕಲ್ಲು ಹಿಡಿದು ಕಾದ. ಬರಲಿಲ್ಲ. ಅವನಿಗೆ ಒಳಗೊಳಗೇ ಸಮಾಧಾನವಾಯಿತು, ನೋಡು ನಾನು ಹೇಳಿದ್ದೇ ಸರಿ ಅಂತ. ತಿರುಗಿ, "ಆಯ್ತಲ್ಲ? ಒಂದೇ" ಅಂದ.

ಜಲಾಲುದ್ದೀನ್ ತನ್ನ ಕಲ್ಲು ಕಾಣುವ ಹಾಗೆ ಪಕ್ಕಕ್ಕೆ ಸರಿದ. ಅವನ ಮುಂದೆ ಏಳು ಕಲ್ಲು ಇದ್ದವು. ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಲಿಂಗಪ್ಪನಿಗೆ ಬೆರಳು ಚುರುಗುಟ್ಟಿತು. ಈಗಷ್ಟೇ ಹಚ್ಚಿದ್ದ ಬೀಡಿ ಪೂರ್ತಿ ಉರಿದು ಬೆರಳು ಸುಟ್ಟಿತ್ತು, ಬೂದಿ ಪಂಚೆಯ ಮೇಲೆ ಬಿದ್ದಿತ್ತು. ಅವನು ಒಂದು ದಮ್ಮೂ ಎಳೆದಿರಲಿಲ್ಲ.

"ಜಲಾಲು, ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ ಆಯ್ತು."

"ನಾನು ಏನು ಮಾಡ್ತಿದ್ದೆ?"

"ಮಾತಾಡ್ತಿದ್ದೆ ಮಾರಾಯ. ಮೊದಲನೇ ಕೂಗು ಬಂದಿದ್ದೇ ತಡ, 'ಒಂದೇ ಕೂಗು, ಹೋಗ್ಬೇಡ, ಒಂದೇ ಕೂಗು, ಹೋಗ್ಬೇಡ' ಅಂತ ಹೇಳ್ತಾನೇ ಇದ್ದೆ. ಆ ಹುಡುಗಿ ಕೂಗಿದಾಗೆಲ್ಲ ನೀನೂ ಹೇಳ್ತಿದ್ದೆ. ನಿನ್ನ ಧ್ವನಿ ಅಲ್ಲ ಅದು. ಯಾರೋ ಪ್ರಾಯದ ಹುಡುಗ, ಕಂಬಳಿಯೊಳಗಿಂದ ಮಾತಾಡಿದ ಹಾಗಿತ್ತು."

ನೀರಿನ ಮೇಲಿನ ದೆವ್ವಕ್ಕಾದರೆ ಹೆದರಿ ಒಳಗೆ ಹೋಗಿ ಕದ ಹಾಕಿಕೊಳ್ಳಬಹುದು. ಇದು ಅವನ ಜೊತೆಯಲ್ಲೇ ಒಳಗೆ ಬರುವಂಥದ್ದು. ಕಂಬಳಿಯ ಮಾತು ಜಲಾಲುದ್ದೀನನಿಗೆ ಹೇಗೆ ಗೊತ್ತಾಯಿತು? ಎಷ್ಟೋ ಸಲ ಹೇಳಿದ ಆ ಕಥೆಯಲ್ಲಿ ಕಂಬಳಿ ಹೊದ್ದವನು ಅಪ್ಪ. ತಾನು ಕಂಬಳಿಯೊಳಗಿದ್ದೆ ಅಂತ ಲಿಂಗಪ್ಪ ಯಾರಿಗೂ ಹೇಳಿರಲಿಲ್ಲ.

ಅವತ್ತು ಜಲಾಲುದ್ದೀನನೇ ಹುಟ್ಟು ಹಿಡಿದು ಹೋಗಿ ವನಮಾಲಾಳನ್ನು ಕರೆತಂದ. ಬಸ್ಸು ಎರಡು ನಿಮಿಷ ತಡವಾಗಿ ಬಂದದ್ದರಿಂದ ಹುಡುಗಿಯ ಕೆಲಸ ಉಳಿಯಿತು.

ಲಿಂಗಪ್ಪ ಮನೆಗೆ ಹೋಗಿ ಜಗಲಿಯಲ್ಲಿ ಕೂತ. ಅವ್ವ ಕಾಫಿ ತಂದುಕೊಟ್ಟು ಎಂದಿನಂತೆ ನಿಟ್ಟುಸಿರು ಬಿಟ್ಟಳು. ಅವನ ಕೈ ಲೋಟ ಕುಕ್ಕುವುದಕ್ಕೆ ಏಳುತ್ತಿತ್ತು. ಏಳುವ ಮೊದಲೇ ಒಳಗೆ ಯಾರೋ, 'ನೋಡು, ನಿನ್ನನ್ನೇ ಅಂದಿದ್ದು' ಅಂತ ಹೇಳಿದರು. ಅದನ್ನು ಅವನು ಕೇಳಿಸಿಕೊಂಡ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ. ನಿಟ್ಟುಸಿರು ಬೇರೆ, ಹೇಳಿದ್ದು ಬೇರೆ. ಎರಡರ ನಡುವೆ ಒಂದು ಸಣ್ಣ ಸಂದು ಇತ್ತು, ಆ ಸಂದಿನಲ್ಲಿ ಯಾರೋ ಕೂತಿದ್ದರು. ಲಿಂಗಪ್ಪ ಲೋಟ ಮೆಲ್ಲಗೆ ಕೆಳಗಿಟ್ಟ.

"ಎಂತ ಆಯ್ತೋ?" ಅಂದಳು ಯಮುನಮ್ಮ.

ಅವನು ಕಲ್ಲಿನ ವಿಷಯ, ಬೀಡಿಯ ವಿಷಯ ಹೇಳಿದ. ಧ್ವನಿಯ ವಿಷಯ ಹೇಳಲಿಲ್ಲ. ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ಎಪ್ಪತ್ತೈದು ವರ್ಷವಾದರೂ ಬಾಯಿ ಮಾತ್ರ ಇನ್ನೂ ಗಟ್ಟಿ.

"ಶನಿವಾರ ಮಧ್ಯಾಹ್ನ ನನ್ನನ್ನ ಆಚೆದಡಕ್ಕೆ ಬಿಡು. ಕುಂಬ್ರಿಹಳ್ಳಿಗೆ ಕೊಟ್ಟ ನಿನ್ನ ತಂಗಿ ಮನೇಲಿ ಇದ್ದು ಭಾನುವಾರ ಬೆಳಿಗ್ಗೆ ಬರ್ತೀನಿ. ನಾನೇ ಕೂಗ್ತೀನಿ. ಹೆತ್ತ ತಾಯಿ ಕೂಗಿದ್ದಾದ್ರೂ ನಿನಗೆ ಕೇಳುತ್ತೋ ಇಲ್ವೋ ನೋಡುವ."

"ಚಳಿ ಇದೆ ಅವ್ವ. ನಿನ್ನ ಎದೆಗೆ ಆಗೋದಿಲ್ಲ."

"ಹಾಗಾದ್ರೆ ಬೇಗ ಬಾ" ಅಂದಳು ಮುದುಕಿ.

ಭಾನುವಾರ ವನಮಾಲಾಳ ಅಂಗಡಿಗೆ ರಜೆ. ಜಲಾಲುದ್ದೀನ್ ಬಾಳೆಹೊನ್ನೂರಿಗೆ ನೆಂಟರ ಮದುವೆಗೆ ಹೋಗಿದ್ದ. ಕಡವಿನಲ್ಲಿ ಲಿಂಗಪ್ಪ ಒಬ್ಬನೇ. ಬೆಳಕು ಹರಿದಿತ್ತು, ಬೆಳಕಿನಲ್ಲಿ ನೋಡುವುದಕ್ಕೆ ಮಾತ್ರ ಏನೂ ಇರಲಿಲ್ಲ. ಬೊಡ್ಡೆಗಳಲ್ಲಿ ಹತ್ತಿರದ ಎರಡು ಮೂರು ಕಾಣುತ್ತಿದ್ದವು. ಅವು ನಿನ್ನೆ ಇದ್ದ ಜಾಗದಲ್ಲೇ ಇವೆಯೇ ಅಂತ ಅವನಿಗೆ ಅನುಮಾನ ಬಂತು.

"ಲಿಂಗಾ..."

ಅವ್ವನ ಕೂಗು. ಅವನು ಹುಟ್ಟು ಗಟ್ಟಿಯಾಗಿ ಹಿಡಿದುಕೊಂಡು ಎರಡನೆಯದಕ್ಕೆ ಕಾದ.

ಇಲ್ಲ. ಮಂಜು ಕಿವಿಯೊಳಗೆ ತುಂಬಿಕೊಂಡಂತಾಯಿತು. ಅವ್ವ ಯಾಕೆ ಒಂದೇ ಸಲ ಕೂಗಿದಳು? ಅದು ಅವ್ವ ಅಲ್ಲ. ಅವ್ವನ ಧ್ವನಿಯಲ್ಲಿ ಕರೆಯುತ್ತಿರುವುದು ಬೇರೆ ಯಾವುದೋ. ಅಪ್ಪನನ್ನು ಕರೆದದ್ದೂ ಹೀಗೆಯೇ. ಒಂದೇ ಕೂಗು. ಹೋಗ್ಬೇಡ. ಒಂದೇ ಕೂಗು...

ಬೆರಳಿನ ಸುಟ್ಟ ಗಾಯ ಹುಟ್ಟಿಗೆ ಒತ್ತಿ ಉರಿಯಿತು. ಆ ಉರಿಗೆ ಅವನಿಗೆ ಒಂದು ಗಳಿಗೆ ಎಚ್ಚರ ಬಂತು. ಯಾರು ಹೇಳುತ್ತಿರುವುದು? ಅವನು ಆಚೆದಡದ ಕೂಗನ್ನು ಕಾಯುವುದು ಬಿಟ್ಟು, ಒಳಗೆ ಮಾತಾಡುತ್ತಿರುವವನ ಕಡೆಗೆ ಕಿವಿ ಕೊಟ್ಟ. ಹೆದರಿಕೆಯಾಯಿತು, ಆದರೂ ಕೊಟ್ಟ.

ಎಪ್ಪತ್ತೆಂಟರ ಆ ಬೆಳಗಿನ ಕಂಬಳಿಯ ವಾಸನೆ ಬಂತು. ತೇವದ ಉಣ್ಣೆ, ಬೀಡಿ, ಎಳೆ ಮೀಸೆಯ ಮೇಲೆ ತನ್ನದೇ ಬಿಸಿ ಉಸಿರು. ಎಡಗೆನ್ನೆ ಇನ್ನೂ ಚುರು‌ಗುಟ್ಟುತ್ತಿತ್ತು. ಹಿಂದಿನ ದಿನ ದೋಣಿಯ ಬಿರುಕು ನೋಡದೆ ಬಿಟ್ಟಿದ್ದಕ್ಕೆ ಅಪ್ಪ ಹತ್ತು ಜನರೆದುರು ಕೆನ್ನೆಗೆ ಬಾರಿಸಿದ್ದ. ಬೆಳಗಿನ ಪಾಳಿ ಲಿಂಗಪ್ಪನದು. ಆಚೆದಡದಿಂದ ಕೂಗು ಬಂತು. ಒಂದು. ಬೇಕಾದರೆ ನೀನೇ ಹೋಗು. ಎರಡು. ಹೊಡೆಯೋದಕ್ಕೆ ಕೈ ಇದೆಯಲ್ಲ, ಆ ಕೈಯಲ್ಲೇ ಹುಟ್ಟು ಹಾಕು. ಮೂರು. ಒಳಗಿಂದ ಅಪ್ಪ ಕೇಳಿದ, "ಎಷ್ಟು ಕೂಗಾಯ್ತೋ?" ಕಂಬಳಿಯೊಳಗಿಂದ ಇಪ್ಪತ್ತೊಂದರ ಲಿಂಗಪ್ಪ ಹೇಳಿದ, "ಒಂದೇ ಕೂಗು. ಹೋಗ್ಬೇಡ."

ಎದ್ದು ಹೋಗಲಾರದ ಸೋಮಾರಿತನಕ್ಕೆ, ಒಂದು ಏಟಿನ ಸಿಟ್ಟಿಗೆ ಆಡಿದ ಸುಳ್ಳು ಅದು. ಮರುದಿನ ಜನ ಕೇಳಿದಾಗ ಅದನ್ನೇ ಹೇಳಿದ. ಆಮೇಲೆ ಹೇಳುತ್ತ ಹೇಳುತ್ತ, ಮೂರು ಕೂಗಿದ್ದನ್ನು ಮರೆತೇಬಿಟ್ಟ. ಮರೆತದ್ದಷ್ಟೇ ಅಲ್ಲ, ಎರಡನೆಯ ಕೂಗು ಕೇಳಿದರೆ ಎಲ್ಲಿ ಎಲ್ಲ ನೆನಪಾಗುತ್ತದೋ ಅಂತ ಒಳಗಿನ ಆ ಹುಡುಗ ಪ್ರತಿ ಸಲವೂ ಕಿವಿಗೆ ಅಡ್ಡ ನಿಂತು ಮಾತಾಡುತ್ತಿದ್ದ. ದೆವ್ವ ಅಂತ ಇದ್ದದ್ದು ಇವನೊಬ್ಬನೇ.

"ಸುಳ್ಳು" ಅಂದ ಲಿಂಗಪ್ಪ ಗಟ್ಟಿಯಾಗಿ. ಯಾರಿಗೆ ಹೇಳಿದನೋ!

"ಲಿಂಗಾ... ಏ ಲಿಂಗಾ! ಸತ್ತೇನೋ ಅಲ್ಲಿ? ನನಗೆ ಇಲ್ಲಿ ಚಳಿಗೆ ಪ್ರಾಣ ಹೋಗ್ತಾ ಇದೆ, ಮುಂಡೇದೇ!"

ಅಯ್ಯೋ, ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ ಪುಣ್ಯಾತ್ಗಿತ್ತಿ! ಲಿಂಗಪ್ಪ ದೋಣಿ ತಳ್ಳಿ ಹಾರಿ ಕೂತ. ಹುಟ್ಟು ಹಾಕಿದ ರಭಸಕ್ಕೆ ನೀರು ಮೈಮೇಲೆ ಹಾರಿತು. ದಾರಿಯುದ್ದಕ್ಕೂ ಅವ್ವನ ಬೈಗುಳ ಒಂದೊಂದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೇಳುತ್ತ ಅವನು ಅಳುತ್ತಿದ್ದ.

ಆಚೆದಡದ ಕಲ್ಲಿನ ಮೇಲೆ ಯಮುನಮ್ಮ ಶಾಲು ಹೊದ್ದು ಕುಕ್ಕರಗಾಲಿನಲ್ಲಿ ಕೂತಿದ್ದಳು. ತುಟಿ ನೀಲಿಯಾಗಿತ್ತು. ಅವನು ಎತ್ತಿ ದೋಣಿಯಲ್ಲಿ ಕೂರಿಸಿ ತನ್ನ ಕಂಬಳಿ ಹೊದಿಸಿದ. ನಡುನೀರಿಗೆ ಬಂದಾಗ ಅಪ್ಪ ಸಿಕ್ಕಿದ್ದ ಬೊಡ್ಡೆ ಮಂಜಿನಿಂದ ಹೊರಗೆ ಬಂತು. ಲಿಂಗಪ್ಪ ಹುಟ್ಟು ನಿಲ್ಲಿಸಿದ.

"ಅವ್ವಾ."

"ಹೇಳು."

"ಅವತ್ತು ಒಂದೇ ಕೂಗಲ್ಲ. ನಾನು ಸುಳ್ಳು ಹೇಳಿದ್ದು. ನನ್ನ ಪಾಳಿ ಇತ್ತು, ಏಳಲಿಲ್ಲ. ಮೂರು ಕೂಗಿತ್ತು."

ಯಮುನಮ್ಮ ಬೊಡ್ಡೆಯನ್ನೇ ನೋಡುತ್ತಿದ್ದಳು.

"ನಾಲ್ಕು" ಅಂದಳು.

ಲಿಂಗಪ್ಪ ಹುಟ್ಟನ್ನು ದೋಣಿಯೊಳಗೆ ಎಳೆದುಕೊಂಡ.

"ಕೊಟ್ಟಿಗೆಲಿ ಹಾಲು ಕರೀತಿದ್ದೆ. ಎಲ್ಲ ಕೇಳ್ತಿತ್ತು. ನಿಮ್ಮಪ್ಪ ಕೇಳಿದ್ದು, ನೀನು ಹೇಳಿದ್ದು, ಎಲ್ಲ. ನಾಲ್ಕನೇದು ಬಂದಾಗ ನೀನು ಕಂಬಳಿ ತಲೆ ಮೇಲೆ ಎಳ್ಕೊಂಡಿದ್ದೆ. ನಿಮ್ಮಪ್ಪ ಅದನ್ನ ಕೇಳಿ ನಿನ್ನ ಬೈಕೊಳ್ತಾ ಹೊರಟ. ದೆವ್ವದ ಕಡೆಗೆ ಹೋಗೋನು ಹಾಗೆ ಬೈಕೊಂಡು ಹೋಗ್ತಾನಾ?"

"ಇಪ್ಪತ್ತೇಳು ವರ್ಷ ಆಯ್ತು! ಒಂದು ಮಾತು ಹೇಳಲಿಲ್ಲವಲ್ಲ ಅವ್ವ!"

"ಹೇಳಿದ್ರೆ ನೀನೂ ನೀರಿಗೆ ಹೋಗ್ತಿದ್ದೆ. ಮನೆಯಿಂದ ಒಬ್ಬರು ಹೋದದ್ದು ಸಾಕು ಅಂತ ಸುಮ್ಮನಿದ್ದೆ." ಅವಳು ಕಂಬಳಿಯ ಅಂಚನ್ನು ಬಿಗಿಯಾಗಿ ಎಳೆದುಕೊಂಡಳು. "ನನಗೆ ನಿದ್ದೆ ಬರದೇ ಇದ್ದದ್ದು ಅದಕ್ಕಲ್ಲ ಮಗ. ನಾಲ್ಕು ಸಲ ಕೂಗಿದ್ರಲ್ಲ, ಅವರು ಯಾರು? ದೆವ್ವ ಅಂತ ನೀನು ಹೇಳಿದ ಮೇಲೆ ಆಚೆದಡಕ್ಕೆ ಹೋಗಿ ಯಾರೂ ನೋಡಲಿಲ್ಲ. ಯಾರೂ ವಿಚಾರಿಸಲಿಲ್ಲ. ನಿಜ ಗೊತ್ತಾದ್ರೆ ನನ್ನನ್ನೂ ಕೇಳ್ತಾರೆ ಅಂತ ನಾನೂ ಬಾಯಿ ಬಿಡಲಿಲ್ಲ. ಯಾರಿಗೆ ಏನು ತೊಂದ್ರೆ ಇತ್ತೋ. ಐದನೇ ಸಲ ಕೂಗಲಿಲ್ಲ ಅವರು."

ದೋಣಿ ತಾನಾಗಿ ಮೆಲ್ಲಗೆ ತಿರುಗುತ್ತಿತ್ತು. ನೀರು ದೋಣಿಯ ಪಕ್ಕಕ್ಕೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಗ, ಅವರು ಬಿಟ್ಟು ಬಂದ ದಡದಿಂದ ಒಂದು ಕೂಗು ಬಂತು.

ಗಂಡಸಿನದೋ ಹೆಂಗಸಿನದೋ ತಿಳಿಯಲಿಲ್ಲ. ಅವರು ಹೊರಟಾಗ ಆ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಲಿಂಗಪ್ಪ ತನ್ನೊಳಗಿನ ಹುಡುಗ ಮಾತಾಡುತ್ತಾನೇನೋ ಅಂತ ಕಾದ. ಅವನು ಮಾತಾಡಲಿಲ್ಲ. ಎರಡನೆಯ ಕೂಗಿಗೆ ಕಾದ. ಅದೂ ಬರಲಿಲ್ಲ. ಈ ಸಲ ಕಿವಿಗೆ ಅಡ್ಡ ಯಾರೂ ಇರಲಿಲ್ಲ, ಕೂಗಿದ್ದೇ ಒಂದು ಸಲ.

"ಅವ್ವ, ನಿನಗೂ ಕೇಳ್ತಾ?"

"ಕೇಳ್ತು."

"ಎಷ್ಟು?"

"ಒಂದೇ."

ಯಮುನಮ್ಮ ಚಳಿಗೆ ಗಡಗಡ ನಡುಗುತ್ತಿದ್ದಳು. ಮನೆಯ ಕಡೆ ತಿರುಗಿಸು ಅಂತ ಮಾತ್ರ ಅನ್ನಲಿಲ್ಲ, ಮಗನ ಮುಖವನ್ನೇ ನೋಡುತ್ತಿದ್ದಳು. ಲಿಂಗಪ್ಪ ಎದ್ದು ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, "ಬಂದೇ... ಅಲ್ಲೇ ಇರಿ" ಅಂತ ಕೂಗಿದ. ಆಮೇಲೆ ಕೂತು ದೋಣಿ ತಿರುಗಿಸಿದ.